ಒಂದೇ ತಾಟಿಗೆ ಸುರಿದ ಗುಳಿಗೆಗಳು

ಕೊಣ್ಣೂರ
೧೨ ಫೆಬ್ರುವರಿ ೨೦೦೬

ಪ್ರೀತಿಯ ತಮ್ಮ ಜಿನದತ್ತನಿಗೆ ನಿನ್ನ ಅಕ್ಕನ ಜಯ ಜಿನೇಂದ್ರ.

ನಿನ್ನ ಬೆನ್ನುನೋವು ಹೇಗಿದೆ? ಡಾಕ್ಟರಾದರೇನು, ಆಸ್ಪತ್ರೆಯಲ್ಲಿ ಇಡೀ ದಿನ ನಿಂತೇ ಇರುತ್ತೀ. ಹೊತ್ತು ಮುಳುಗುವುದರೊಳಗೆ ಉಣ್ಣುವುದನ್ನು ಪುಣೆಗೆ ಹೋದ ಮೇಲೆ ಬಿಟ್ಟೇಬಿಟ್ಟೆ ಎಂದು ನಿನ್ನ ಹೆಂಡತಿ ವಂದನಾ ಹೇಳಿದಳು. ಅವಳ ಮಾತಾದರೂ ಕೇಳು, ಅಕ್ಕನ ಮಾತಂತೂ ನೀನು ಕೇಳುವವನಲ್ಲ. ನಾವಿಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುವುದಿಲ್ಲ.

ಹೋದ ಮಳೆಗಾಲದಲ್ಲಿ ಹೊಳೆ ಊರೊಳಗೆ ಬಂದಾಗ ಇವರೂ ಬಾಜೂ ಮನೆಯ ಬಂದಗಿಸಾಬರೂ ಎದೆಮಟ್ಟದ ನೀರಿಗಿಳಿದು ಎರಡೂ ಮನೆಯ ಎಮ್ಮೆಗಳನ್ನು ಬಿಚ್ಚಿ ತಂದರು. ಎಮ್ಮೆಗಳು ಉಳಿದವು, ಇವರಿಬ್ಬರಿಗೆ ಇಲಿಜ್ವರ ಹತ್ತಿತು. ನಿನ್ನ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರಕ್ಕೆ ಹಾಕಿ ಜೀವ ಉಳಿಸಿದಿರಿ, ಅದನ್ನು ನಾನು ಮರೆಯುವುದಿಲ್ಲ. ಆದರೆ ಮನೆಗೆ ಬಂದದ್ದು ಎಲುಬಿನ ಹಂದರ. ಚಹಾದ ಬಟ್ಟಲು ಎತ್ತಲೂ ಕೈಯಲ್ಲಿ ಕಸುವಿಲ್ಲ. ಬೆಳಿಗ್ಗೆ ಬಂದಗಿಸಾಬರ ಹೆಂಡತಿ ತಾಜಬಿ ಬರುತ್ತಾಳೆ, ಇಬ್ಬರೂ ಹಿಡಿದು ಇವರನ್ನು ಎಬ್ಬಿಸಿ ಕೂರಿಸುತ್ತೇವೆ. ಆಮೇಲೆ ಅವಳ ಗಂಡನನ್ನು ಎಬ್ಬಿಸಲು ನಾನು ಹೋಗುತ್ತೇನೆ. ಒಬ್ಬಳ ಕೈಯಿಂದ ಆಗುವ ಕೆಲಸವಲ್ಲ.

ಸೋತ ಸ್ನಾಯುಗಳಿಗೆ ಬಲ ತರುವ ಹೊಸ ಗುಳಿಗೆಯ ಪರೀಕ್ಷೆ ನಡೆದಿದೆ ಎಂದು ಇಬ್ಬರ ಹೆಸರನ್ನೂ ಬರೆಸಿದವನು ನೀನು. ಕೆಲವರ ಡಬ್ಬಿಯಲ್ಲಿ ಅಸಲಿ ಔಷಧಿ, ಕೆಲವರದರಲ್ಲಿ ಬರೀ ಸಪ್ಪೆ ಪುಡಿಯ ಗುಳಿಗೆ, ಯಾರಿಗೆ ಯಾವುದು ಎಂದು ಕೊಡುವ ಡಾಕ್ಟರಿಗೂ ತಿಳಿದಿರುವುದಿಲ್ಲ ಎಂದು ವಿವರಿಸಿದವನೂ ನೀನೇ. ಅದನ್ನು ನಮ್ಮ ಅತ್ತೆ ಇಂದ್ರವ್ವನ ಎದುರು ಹೇಳಬಾರದಿತ್ತು. ತಾಜಬಿಯ ಮನೆಯ ನೀರನ್ನೂ ಮುಟ್ಟದ ಮುದುಕಿ, ಎರಡೂ ಡಬ್ಬಿಗಳನ್ನು ತನ್ನ ತಾಟಿಗೆ ಸುರಿದು, ಕೈಯಾಡಿಸಿ ಬೆರೆಸಿ, ಪಾಲಿನ ಬಾವಿಯ ನೀರು ಹಂಚಿದಂತೆ ಸಮನಾಗಿ ಹಂಚಿದಳು. "ಇಬ್ರೂ ಕೂಡೇ ನೀರಾಗ ಇಳದಾರ. ಒಬ್ಬಾಂವ ಎದ್ದು ಒಬ್ಬಾಂವ ಮಲಗಿದ್ರ ನಾ ಹ್ಯಾಂಗ ನೋಡ್ಲಿ?" ಅಂದಳು. ಪ್ರತಿ ತಿಂಗಳೂ ಹಾಗೇ ಆಯಿತು. ನಾನೂ ತಾಜಬಿಯೂ ನೋಡುತ್ತ ನಿಂತಿದ್ದೆವು, ಒಳ್ಳೆಯದೇ ಅನ್ನಿಸಿತ್ತು.

ಮೊನ್ನೆ ಔಷಧಿ ಪರೀಕ್ಷೆಯ ಡಾಕ್ಟರು ತಪಾಸಣೆಗೆ ಬಂದಾಗ ಬಂದಗಿಸಾಬರು, "ಸಾಹೇಬ್ರ, ನಾವು ಪಾಲ ಮಾಡ್ಕೊಂಡ ತಗೋತೇವ್ರಿ" ಎಂದು ಹೆಮ್ಮೆಯಿಂದ ಹೇಳಿಬಿಟ್ಟರು. ಪರೀಕ್ಷೆಯ ಪಟ್ಟಿಯಿಂದ ಇಬ್ಬರ ಹೆಸರೂ ಹೋಯಿತು, ಗುಳಿಗೆಯೂ ನಿಂತಿತು. ನೀನು ಫೋನಿನಲ್ಲಿ ನಮ್ಮನ್ನು ಏನೂ ತಿಳಿಯದ ಅಡಾಣಿಗಳೆಂದು ಬೈದೆ, ದೊಡ್ಡ ಡಾಕ್ಟರರೆದುರು ನಿನ್ನ ಮರ್ಯಾದೆ ಹೋಯಿತೆಂದೆ. ನಿನ್ನ ಮರ್ಯಾದೆ ನಾಳೆ ಬಂದೀತು. ಇವರು ಇನ್ನೂ ಗೋಡೆ ಹಿಡಿದರೂ ನಿಲ್ಲುವುದಿಲ್ಲ. ಅರ್ಧರ್ಧ ಔಷಧಿ ಯಾರಿಗೂ ಸಾಲಲಿಲ್ಲವೋ, ಔಷಧಿಯಲ್ಲೇ ಹುರುಳಿರಲಿಲ್ಲವೋ, ಅದನ್ನೂ ನೀವು ಹೇಳಲಾರಿರಿ. ನನಗೆ ಸಿಟ್ಟು ಬಂದಿದೆ, ತಮ್ಮಾ. ನಿನ್ನ ಮೇಲೆ, ಅತ್ತೆಯ ಮೇಲೆ, ಅವಳು ಕೊಟ್ಟದ್ದನ್ನು ನಗುತ್ತ ನುಂಗಿದ ಇವರ ಮೇಲೂ.

ವಂದನಾಳನ್ನು ಕೇಳಿದೆನೆಂದು ಹೇಳು. ಮಕ್ಕಳಿಗೆ ಆಶೀರ್ವಾದ. ನಿನ್ನ ಕೈಗುಣ ಬೇರೆಯವರಿಗಾದರೂ ಹತ್ತಲಿ.

ನಿನ್ನ ಅಕ್ಕ,
ತ್ರಿಶಲಾ

ತಾ.ಕ.: ಹೆಸರು ತೆಗೆದ ಮೇಲೆ ಗುಟ್ಟಿನ ಪಟ್ಟಿ ಬಿಚ್ಚಿ ನೋಡಿದರು, ಅಸಲಿ ಔಷಧಿ ಇಬ್ಬರಲ್ಲಿ ಒಬ್ಬರ ಡಬ್ಬಿಯಲ್ಲಿ ಮಾತ್ರ ಇತ್ತು, ಯಾರದೆಂದು ಯುಗಾದಿಗೆ ಬಂದಾಗ ಹೇಳುತ್ತೇನೆ ಅಂದೆಯಲ್ಲ, ಹೇಳಬೇಡ. ಅಕ್ಕನಾಗಿ ನಿನ್ನ ಕಾಲು ಹಿಡಿಯುತ್ತೇನೆ. ಅವರದರಲ್ಲಿತ್ತು ಎಂದಾದರೆ ತಾಜಬಿ ನಮ್ಮ ಹೊಸ್ತಿಲು ತುಳಿಯುವಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ನಮ್ಮದರಲ್ಲಿತ್ತು ಎಂದು ತಿಳಿದರೆ ಬಂದಗಿಸಾಬರನ್ನು ಎತ್ತಲು ನನ್ನ ಕೈ ಏಳುವುದಿಲ್ಲ. ನಾನು ಅಷ್ಟು ಒಳ್ಳೆಯವಳಲ್ಲ.