ಬದುಕಿರುವವಳ ಹೆಸರು

ಬ್ಯೂನಸ್ ಐರಿಸ್,
೧೧ ಆಗಸ್ಟ್ ೧೯೮೬

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಣ್ಣನ ಮನೆಯ ಮೆಟ್ಟಿಲು ಹತ್ತಿ ಇಳಿಯುವುದಕ್ಕೆ ಆಗುತ್ತಿದೆಯೇ? ಮೊಂಟೆವಿಡಿಯೊದಲ್ಲೂ ಇಲ್ಲಿನಷ್ಟೇ ಚಳಿಯಂತೆ, ಕಾಲು ಬೆಚ್ಚಗಿಟ್ಟುಕೊ. ಕೇಳಬೇಕಾದ್ದನ್ನು ಕೇಳಿದ್ದಾಯಿತು, ಇನ್ನು ನನ್ನ ಸಿಟ್ಟು. ನಿನ್ನೆ ಫೋನಿನಲ್ಲಿ ಚಿಕ್ಕಮ್ಮನ ಹೆಸರೆತ್ತಿದ ಕೂಡಲೇ "ಸತ್ತವರ ಸುದ್ದಿ ನಂಗೆ ಬೇಡ" ಎಂದು ರಿಸೀವರ್ ಕುಕ್ಕಿದೆಯಲ್ಲ, ಕಾಗದವನ್ನು ಹಾಗೆ ಕುಕ್ಕುವುದಕ್ಕಾಗುವುದಿಲ್ಲ. ಪೂರ್ತಿ ಓದು.

ನಮ್ಮ ಯಹೂದಿ ಸಮಾಜದ ಲೈಬ್ರರಿಯಲ್ಲಿ ನಾನು ಓದುಗರ ಕೂಟ ನಡೆಸುವುದು ನಿನಗೆ ಗೊತ್ತೇ ಇದೆ. ಈ ಸಲ ಯಹೂದಿಗಳ ಚರಿತ್ರೆ, ಮನೆತನಗಳ ಗುಟ್ಟು ಎಂಬ ವಿಷಯ ಇಟ್ಟುಕೊಂಡು, ಓದಲೇಬೇಕಾದ ಕಾದಂಬರಿಗಳನ್ನೂ ಆತ್ಮಕಥೆಗಳನ್ನೂ ಆರಿಸಿ ಪಟ್ಟಿ ಮಾಡಿ, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ ಅಂಗಡಿ ಅಂಗಡಿಯಲ್ಲಿ ಅಂಟಿಸಿದ್ದೆ. ಹೆಸರು ಬದಲಿಸಿಕೊಂಡು ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಬೆಳೆದ ಹುಡುಗಿಯ ಕಥೆ, ಎರಡು ಊರಿನಲ್ಲಿ ಎರಡು ಸಂಸಾರ ಇಟ್ಟಿದ್ದ ತುಪ್ಪಳದ ವ್ಯಾಪಾರಿಯ ಕಥೆ, ಹೀಗೆ. ಬೇರೆಯವರ ಮನೆಯ ಗುಟ್ಟನ್ನೆಲ್ಲ ಹೊಗಳಿ ಹೊಗಳಿ ಮಾತಾಡಿದೆ. ಮುಗಿದ ಮೇಲೆ, ಕೊನೆಯ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿದ್ದ ಮುದುಕಿಯೊಬ್ಬಳು ಎದ್ದು ಬಂದಳು. "ಪುಸ್ತಕ ಎಲ್ಲಾ ಚೆನ್ನಾಗಿವೆ ಕಣಮ್ಮಾ. ಆದ್ರೆ ಗುಟ್ಟು ಹೊರಗೆ ಬರೋ ಹೊತ್ತಿಗೆ ಒಬ್ರೂ ಬದುಕಿರಲ್ಲ. ಬದುಕಿರೋರ್ದು ಯಾವ್ದಾದ್ರೂ ಇದ್ಯಾ?" ಎಂದಳು. ನಗುತ್ತಾ ಹೆಸರು ಕೇಳಿದೆ. "ಬ್ರೈನಾ. ನಿಂದೇ ಹೆಸ್ರು. ನಿಮ್ಮಮ್ಮ ಪೆಸ್ಯಾನ ತಂಗಿ ನಾನು" ಎಂದಳು. ಕುರ್ಚಿ ಎಳೆದು ಕೂರಿಸಿ ಎಲ್ಲವನ್ನೂ ಕೇಳಿದೆ.

ವಿಷಮಜ್ವರದಲ್ಲಿ ಸತ್ತಳು ಎಂದಿದ್ದೆ ನೀನು. ಅವಳಿಗೆ ಬಂದದ್ದು ಜ್ವರವಲ್ಲ, ಗಂಡ. ಇಟಲಿಯವನು, ಶಾವಿಗೆ ಮಾಡಿ ಮಾರುತ್ತಿದ್ದವನು, ನಮ್ಮವನಲ್ಲ. ಅಷ್ಟಕ್ಕೇ ಅಜ್ಜ ಅಂಗಿ ಹರಿದುಕೊಂಡು, ಕನ್ನಡಿಗಳಿಗೆ ಬಟ್ಟೆ ಮುಚ್ಚಿ, ಬದುಕಿದ್ದ ಮಗಳಿಗೆ ಏಳು ದಿನ ಸೂತಕ ಕೂತರು. ನೀನೂ ಪಕ್ಕದಲ್ಲಿ ಕೂತೆ. ಅದನ್ನು ಅಜ್ಜನ ಹಟ ಎಂದು ಹೇಗೋ ನುಂಗಿಕೊಂಡೇನು. ಮರುವರ್ಷ ಹುಟ್ಟಿದ ನನಗೆ ಅವಳ ಹೆಸರಿಟ್ಟೆಯಲ್ಲ, ಅದು ಗಂಟಲಿನಲ್ಲಿ ಇಳಿಯುವುದಿಲ್ಲ. ಸತ್ತವರ ಹೆಸರನ್ನಷ್ಟೇ ಮಕ್ಕಳಿಗಿಡಬೇಕು ಎಂದು ನನಗೆ ಕಲಿಸಿದವಳು ನೀನು. ಪಕ್ಕದ ಮನೆಯವಳು ಮಗುವಿಗೆ ಬದುಕಿದ್ದ ಮಾವನ ಹೆಸರಿಡಲು ಹೊರಟಾಗ, "ಮುದುಕನ್ನ ಸಾಯಿಸ್ಬೇಕು ಅಂತಿದ್ದೀಯಾ?" ಎಂದು ಬೀದಿಗೆಲ್ಲ ಕೇಳುವಂತೆ ಬೈದವಳೂ ನೀನೇ. ಹಾಗಾದರೆ ನನ್ನನ್ನು ಊಟಕ್ಕೆ ಕರೆದಾಗಲೆಲ್ಲ ನಿನ್ನ ತಂಗಿ ಸಾಯಲಿ ಎನ್ನುತ್ತಿದ್ದೆಯಾ? ವರ್ಷ ವರ್ಷ ನನ್ನ ಕೈಯಲ್ಲೇ ಅವಳಿಗೆ ತಿಥಿಯ ದೀಪ ಹಚ್ಚಿಸಿದೆ. ದೀಪ ಹಚ್ಚುವಾಗ ನೀನು ಅಳುತ್ತಿದ್ದದ್ದು ನೆನಪಿದೆ. ಆ ಅಳು ಸುಳ್ಳಲ್ಲ, ಅದೂ ನನಗೆ ಗೊತ್ತು. ಅದಕ್ಕೇ ಇನ್ನಷ್ಟು ಸಿಟ್ಟು.

ದೀಪದ ವಿಷಯ ಹೇಳಿದಾಗ ಚಿಕ್ಕಮ್ಮ ನಕ್ಕಳು. "ಅದಕ್ಕೇ ಇರ್ಬೇಕು, ನಂಗೆ ಚಳಿಗಾಲದಲ್ಲಿ ನೆಗಡೀನೂ ಆಗಲ್ಲ" ಎಂದಳು. ಆಮೇಲೆ ಅತ್ತಳು. ಗಂಡ ತೀರಿಹೋಗಿದ್ದಾನೆ, ಮಕ್ಕಳಿಲ್ಲ. ನೀನು ಈ ಊರಿನಲ್ಲಿದ್ದಷ್ಟು ಕಾಲವೂ ನಮ್ಮ ಮನೆಯಿಂದ ಒಂದು ಬಸ್ಸಿನ ದೂರದಲ್ಲೇ ಇದ್ದಳು. ಒಮ್ಮೆ ಮೀನಿನಂಗಡಿಯ ಮುಂದೆ ನೀನು ಅವಳನ್ನು ನೋಡಿಯೂ ನೋಡದವಳಂತೆ ನಡೆದೆಯಂತೆ. ಇಷ್ಟಾದರೂ ಅವಳು ನಿನ್ನನ್ನು ಬೈಯುವುದಿಲ್ಲ. "ಒಂದ್ಸಲ ಬ್ರೈನಾ ಅಂತ ನನ್ನ ಕರೀಲಿ, ಸಾಕು" ಅನ್ನುತ್ತಾಳೆ. ಸೆಪ್ಟೆಂಬರಿನ ಮೊದಲ ಭಾನುವಾರ ಅವಳನ್ನು ಹಡಗಿನಲ್ಲಿ ಕರೆದುಕೊಂಡು ಬರುತ್ತೇನೆ. ನಮ್ಮ ಹೊಸ ವರ್ಷಕ್ಕೆ ಮುಂಚೆ ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳುವ ತಿಂಗಳು ಅದು. ನೀನೂ ಕೇಳು.

ಅಣ್ಣ ಅತ್ತಿಗೆಯರಿಗೆ ನನ್ನ ನೆನಪು ತಿಳಿಸು. ದೇವರು ನಿನ್ನನ್ನು ನೂರಿಪ್ಪತ್ತು ವರ್ಷ ಬಾಳಿಸಲಿ.

ನಿನ್ನ ಮಗಳು,
ಬ್ರೈನಾ

ಲಕೋಟೆ ಅಂಟಿಸುವ ಮುಂಚೆ ಒಂದು ಮಾತು: ನಾನು ಬಸುರಿ, ಐದನೇ ತಿಂಗಳು. ಬೇಗ ಹೇಳಿದರೆ ದೃಷ್ಟಿಯಾಗುತ್ತದೆ ಎಂದು ನೀನೇ ಕಲಿಸಿದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ. ಹೆಣ್ಣು ಎಂದರು ಡಾಕ್ಟರು. ಭಾನುವಾರ ನೀನು ಬಾಗಿಲು ತೆರೆದು ತಂಗಿಯನ್ನು ಹೆಸರು ಹಿಡಿದು ಕರೆದರೆ, ಮಗುವಿಗೆ ತೀರಿಹೋದ ಅಜ್ಜಿಯ ಹೆಸರಿಡುತ್ತೇನೆ. ತೆರೆಯದಿದ್ದರೆ ಪೆಸ್ಯಾ ಎಂದೇ ಇಡುತ್ತೇನೆ, ನೀನು ಬದುಕಿರುವಾಗಲೇ.