ಮನೆಯವರು ಎಂದರೆ ಯಾರು

ಭಾನುವಾರ, 5 ಜೂನ್ 1983

ಊಟವಾಯಿತು. ಪಾತ್ರೆ ಮುಸುರೆಯಲ್ಲೇ ಬಿಟ್ಟು ಆಟಕ್ಕೆ ಕೂತೆ. ಇವರ ಗೆಳೆಯ ಬದರೀನಾರಾಯಣ ಯಾವುದೋ ಫಾರಿನ್ ಮ್ಯಾಗಜೀನಿನಲ್ಲಿ ಓದಿ ತಂದ ಆಟ. ಪಗಡೆಯಿಲ್ಲ, ಇಸ್ಪೀಟಿಲ್ಲ. ಸರದಿಯ ಮೇಲೆ ಒಬ್ಬೊಬ್ಬರೂ ಒಂದು ಹೊಸ ನಿಯಮ ಸೂಚಿಸುವುದು, ಎಲ್ಲರೂ ಮತ ಹಾಕುವುದು. ಮತ ಸಮ ಬಂದರೆ ನಿಯಮ ಬಿತ್ತು. ಅರ್ಥದ ಬಗ್ಗೆ ಜಗಳ ಬಂದರೆ, ಸರದಿ ಯಾರದೋ ಅವರ ಎಡಗಡೆ ಕೂತವರದೇ ತೀರ್ಪು. ಬದರಿ ವಕೀಲ, ಅವನಿಗೆ ಹಬ್ಬ. ಎದುರುಮನೆ ಮಹಾನಂದ ಕಾಲೇಜಿನಲ್ಲಿ ಗಣಿತ ಹೇಳುವವಳು, ಅವಳಿಗೂ ಹಬ್ಬ. ನಾನು, ಇವರು — ಒಟ್ಟು ನಾಲ್ಕು ಜನ.

ಇವತ್ತು ಇವರ ನಿಯಮ: ‘ಗೈರುಹಾಜರಾದವರ ಮತವನ್ನು ಅವರ ಮನೆಯವರು ಹಾಕತಕ್ಕದ್ದು.’ ಎಲ್ಲರೂ ಕೈ ಎತ್ತಿದೆವು. ನಾನೂ.

ಭಾನುವಾರ, 12 ಜೂನ್

ಮಾವಳ್ಳಿಯ ಅಕ್ಕನ ಮನೆಯಿಂದ ಬರುವಾಗ ಸಂಜೆ. ಆಟ ಮುಗಿದಿತ್ತು. ನನ್ನ ಮತ ಇವರೇ ಹಾಕಿದರಂತೆ! ಹೊಸ ನಿಯಮ — ‘ಕಾಫಿ ಮಾಡಲು ಒಳಗೆ ಹೋದವರು ಗೈರುಹಾಜರೆಂದೇ ಲೆಕ್ಕ.’ ಬದರಿ, ಇವರು, ಮತ್ತೆ ನನ್ನ ಹೆಸರಿನಲ್ಲಿ ಇವರೇ. ಮಹಾನಂದ ಒಬ್ಬಳೇ ವಿರುದ್ಧ.

ಕಾಫಿಗೆ ಒಳಗೆ ಹೋಗುವವರು ಈ ಮನೆಯಲ್ಲಿ ಯಾರು? ಅಂದರೆ ಅರ್ಧ ಆಟಕ್ಕೆ ನಾನು ಇದ್ದೂ ಇಲ್ಲ.

ಭಾನುವಾರ, 19 ಜೂನ್

ಕೇಳಿಯೇಬಿಟ್ಟೆ. “ಮನೆಯವರು ಅಂದ್ರೆ ಯಾರು? ಹೆಂಡ್ತೀನೂ ಮನೆಯವರು ಅಂತಾರಲ್ಲ. ಇವರು ಬರದಿದ್ದಾಗ ಇವರ ಮತ ನನಗೆ ತಾನೆ?”

ಸರದಿ ಇವರದು. ಎಡಕ್ಕೆ ಬದರಿ. ಕೋರ್ಟಿನಲ್ಲಿ ನಿಂತ ಹಾಗೆ ಗಂಟಲು ಸರಿಮಾಡಿಕೊಂಡ.

“ಮನೆಯವರು ಅಂದ್ರೆ ಮನೇಲಿ ಅವರಿಗಿಂತ ಹಿರಿಯರು. ನಿಮಗೆ ರಾಮಾನುಜ. ರಾಮಾನುಜನಿಗೆ ಅವರಮ್ಮ.”

“ಇದೆಲ್ಲಿ ಬರೆದಿದೆ?”

“ಬರೆದಿಲ್ಲ. ಅದಕ್ಕೇ ತೀರ್ಪು.”

ಇವರು ನಕ್ಕರು. “ಆಟ ಕಣೇ, ಅದಕ್ಯಾಕೆ ಮುಖ ಊದಿಸ್ಕೊತೀಯ?” ಅತ್ತೆ ಒಳಗೆ ಹೂಬತ್ತಿ ಹೊಸೆಯುತ್ತಿದ್ದರು. ತಮಗೆ ಮತ ಸಿಕ್ಕಿದ್ದು ಅವರಿಗೆ ಗೊತ್ತೇ ಇಲ್ಲ.

ಭಾನುವಾರ, 26 ಜೂನ್

ಆಟವಿಲ್ಲ. ನಿನ್ನೆಯ ಕ್ರಿಕೆಟ್ಟಿನದೇ ಮಾತು.

ಬುಧವಾರ, 29 ಜೂನ್

ಇವತ್ತು ಆಫೀಸಿನಲ್ಲಿ ಆದದ್ದನ್ನು ಬರೆಯುತ್ತೇನೆ.

ದೆಹಲಿ ಟ್ರೈನಿಂಗಿಗೆ ನನ್ನ ಹೆಸರು ಬಂದಿತ್ತು. ಮೂರು ತಿಂಗಳು ಮುಗಿಸಿ ಬಂದರೆ ಸೆಕ್ಷನ್ ನನ್ನ ಕೈಗೆ. ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ‘ನೋಡೋಣ’ ಅಂದಿದ್ದರು ಇವರು. ಇವತ್ತು ಸಾಹೇಬರು, “ನಿಮ್ಮ ಹೆಸರು ತೆಗೀತಿದೀವಲ್ಲಮ್ಮ. ಅತ್ತೆಗೆ ಹುಷಾರಿಲ್ಲ, ಅವಳು ಹೋಗೋಕಾಗಲ್ಲ ಅಂತ ನಿಮ್ಮ ಮನೆಯವರು ಫೋನ್ ಮಾಡಿದ್ರಲ್ಲ” ಅಂದರು.

ನನ್ನನ್ನು ಒಂದು ಮಾತು ಕೇಳಲಿಲ್ಲ. ಸಾಹೇಬರೂ ಕೇಳಲಿಲ್ಲ! ಅಲ್ಲೇ ನಿಂತು, “ನಾನು ಹೋಗ್ತೀನಿ ಸಾರ್” ಅಂದೆ. “ಮನೇಲಿ ತೀರ್ಮಾನ ಮಾಡ್ಕೊಂಡು ಸೋಮವಾರ ಹೇಳಿ.”

ರಾತ್ರಿ ಇವರಿಗೆ ಬಡಿಸಿದೆ. ಮಾತಾಡಿದ್ದರೆ ಕಿರುಚುತ್ತಿದ್ದೆ.

ಭಾನುವಾರ, 3 ಜುಲೈ

ನನ್ನ ಸರದಿ. ಸೂಚಿಸಿದೆ: ‘ಒಬ್ಬರ ಮತವನ್ನು ಇನ್ನೊಬ್ಬರು ಹಾಕತಕ್ಕದ್ದಲ್ಲ.’ ನಾನು, ಮಹಾನಂದ ಒಂದು ಕಡೆ. ಇವರು, ಬದರಿ ಇನ್ನೊಂದು ಕಡೆ ಅನ್ನುವುದು ಗೊತ್ತೇ ಇತ್ತು. “ಈಗಲೇ ಮತ ಬೇಡ, ಚರ್ಚೆಯಾಗಲಿ” ಅಂದೆ. ಚರ್ಚೆ ಎಳೆದೆ. ಕಾಫಿ ಹೊತ್ತಾಯಿತು. ಏಳಲಿಲ್ಲ. ಬದರಿ ಆಕಳಿಸಿದ, ಅಡುಗೆಮನೆ ಕಡೆ ನೋಡಿದ. ಏಳಲಿಲ್ಲ. ಕೊನೆಗೆ ನಾಚಿಕೆಯಾಗಿ ಇವರೇ ಎದ್ದು ಒಳಗೆ ಹೋದರು. ಸ್ಟವ್ ಪಂಪು ಹೊಡೆಯುವ ಸದ್ದು.

“ಈಗ ಮತ” ಅಂದೆ. “ಇವರು ಗೈರುಹಾಜರು. ಅತ್ತೇ, ಸ್ವಲ್ಪ ಬನ್ನಿ.”

ಬದರಿಯ ಮುಖ ಸಪ್ಪಗಾಯಿತು. ಅವನದೇ ತೀರ್ಪು.

ಅತ್ತೆ ಬಂದು ಕಂಬಕ್ಕೆ ಒರಗಿ ಕೂತರು. ಎಲ್ಲ ಹೇಳಿದೆ — ನಿಯಮ, ಫೋನು, ಅವರ ಹುಷಾರಿಲ್ಲದ ಸುದ್ದಿ.

“ನನಗೇನೇ ಆಗಿದೆ ರೋಗ?” ಅತ್ತೆಯ ದನಿ ಏರಿತು. “ದಿನಾ ದೇವಸ್ಥಾನಕ್ಕೆ ನಡ್ಕೊಂಡು ಹೋಗಿ ಬರ್ತೀನಿ. ನನ್ನ ಹೆಸರು ಹೇಳೋ ಮುಂಚೆ ನನ್ನ ಕೇಳಿದ್ನಾ ಅವನು? ಎತ್ತಿದೀನಿ ನೋಡು ಕೈ!”

ಬದರಿ ಬಿಡಲಿಲ್ಲ. “ಮಗನ ಮತ ನೀವು ಹಾಕಿ, ಯಾರ ಮತ ಯಾರೂ ಹಾಕಬಾರದು ಅಂತೀರಲ್ಲಮ್ಮ! ಇದು ಹೇಗೆ?”

ನನ್ನ ಎಡಕ್ಕೆ ಮಹಾನಂದ. “ನಿಯಮ ಈಗ ತಾನೆ ಹುಟ್ಟಿದೆ ಬದರಿ. ಇನ್ನು ಮುಂದಕ್ಕೆ ಅನ್ವಯ. ತೀರ್ಪು.”

ಇವರು ಲೋಟಗಳನ್ನು ಹಿಡಿದು ಬಂದರು. ಅತ್ತೆ ತಮ್ಮದೇ ಹೆಸರು ಹಿಡಿದು, “ಆಂಡಾಳಮ್ಮನಿಗೆ ಹುಷಾರಿಲ್ಲವಂತೆ, ಮೊದಲು ಅವಳಿಗೆ ಕೊಡಪ್ಪ” ಅಂದರು. ಇವರ ಮುಖ ನೋಡಲಾಗಲಿಲ್ಲ. ಪಾಪ ಅನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ.

ಸೋಮವಾರ, 4 ಜುಲೈ

ಸಾಹೇಬರಿಗೆ ಹೇಳಿ ಬಂದೆ. ಹೆಸರು ಉಳಿಯಿತು. ಇವರಿಗೆ ನಾನಾಗಿ ಹೇಳಿದೆ. “ನಿನ್ನ ಒಳ್ಳೇದಕ್ಕೇ ಮಾಡಿದ್ದು” ಅಂದರು. ನನ್ನ ಒಳ್ಳೇದು ಇವರಿಗೆ ಗೊತ್ತು, ನನಗೆ ಗೊತ್ತಿಲ್ಲ!

ಭಾನುವಾರ, 17 ಜುಲೈ, ಸಂಜೆ 5

ನಾಳೆ ರೈಲು. ಆಟ ಎರಡು ವಾರದಿಂದ ನಿಂತಿದೆ. ಬದರಿಗೆ ಕೆಲಸವಂತೆ.

ಇವರು ಕೇಳದೆಯೇ ಅಟ್ಟದಿಂದ ಸೂಟ್‌ಕೇಸು ಇಳಿಸಿದರು. ಧೂಳು ಒರೆಸಿದರು. ಬೀಗದಕೈ ಎಲ್ಲಿ ಎಂದೆ. ಹುಡುಕುತ್ತೇನೆ ಅಂದರು. ಮಧ್ಯಾಹ್ನದಿಂದ ಹುಡುಕುತ್ತಿದ್ದಾರೆ. ಒಂದೇ ಡ್ರಾಯರು ಮತ್ತೆ ಮತ್ತೆ ತೆಗೆಯುತ್ತಿದ್ದಾರೆ. ಅತ್ತೆ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು, “ಇದರಲ್ಲೇ ಕಟ್ಕೋ” ಎಂದು ನನ್ನ ಮುಂದೆ ಇಟ್ಟರು. ಇವರು ನೋಡಿದರು. ಜೇಬಿಗೆ ಕೈ ಹಾಕಿ ಬೀಗದಕೈ ತೆಗೆದು ಸೂಟ್‌ಕೇಸಿನ ಮೇಲಿಟ್ಟರು.