ದಪ್ಪ ಕಣಕ, ತೆಳು ಕಣಕ

ಮಾವಾ,

ಯಲ್ಲಾಪುರದ ಮದುವೆಮನೆಯಲ್ಲಿ ನಾನು ನಿನ್ನ ಒಲೆ ಆರಿಸಿದ್ದು ಏಕೆಂದು ನಿನಗೆ ಹೇಳಲೇ ಇಲ್ಲ. ಈಗ ಹೇಳುತ್ತೇನೆ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ.

ಜಪಾನಿನ ವೃದ್ಧಾಶ್ರಮದಲ್ಲಿ ಮೂರು ವರ್ಷ ಕೆಲಸ ಮಾಡಿ ಶಿರಸಿಗೆ ಮರಳಿದ ವಾರವೇ ನಾನು ನಿನ್ನ ಅಂಗಡಿಗೆ ಬಂದಿದ್ದೆ, ನೆನಪಿದೆಯಾ? ಮುಂಬೈಯ ಚೀನೀ ಹೋಟೆಲಿನಲ್ಲಿ ಕಲಿತ ಗುವೋತಿಯೆ ಎಂಬ ಹುರಿದ ಕಡುಬನ್ನು ನೀನು ಬಸ್ ಸ್ಟ್ಯಾಂಡಿನ ಹಿಂದೆ ಮಾಡಿ ಮಾರುತ್ತಿದ್ದೆ. ಆಶ್ರಮದ ಅಡುಗೆಮನೆಯಲ್ಲಿ ಕಲಿತ ಅದರ ಜಪಾನಿ ತಮ್ಮ ಗ್ಯೋಜಾವನ್ನು ನಾನು ಮಾಡಿ ತೋರಿಸಿದೆ. ನಿನ್ನದು ದಪ್ಪ ಕಣಕ, ಒಳಗೆ ಕೋಸು-ಶುಂಠಿಯ ಹೂರಣ. ಕಚ್ಚಿದರೆ ರಸ ಮೊಣಕೈತನಕ ಇಳಿಯಬೇಕು. ನನ್ನದು ಚಿಕ್ಕದು, ಬೆಳ್ಳುಳ್ಳಿ ಜಾಸ್ತಿ, ಹೂರಣದ ಹಸಿರು ಹೊರಗೆ ಕಾಣುವಷ್ಟು ತೆಳು.

"ಇದು ತಿಂಬಲೋ, ನೋಡಲೋ?" ಅಂತ ನೀನು ಕೇಳಿದೆ.

"ನಿಂದು ಬರೀ ಹಿಟ್ಟು, ಮಾವ" ಅಂದುಬಿಟ್ಟೆ ನಾನು.

ಆದರೂ ನಿನ್ನ ಅಂಗಡಿಯಲ್ಲೇ ಜೊತೆಗೆ ಮಾರತೊಡಗಿದೆವು. ಗಿರಾಕಿಗಳಿಗೆ ಎರಡೂ ಮೋಮೋ. ಆ ಒಂದು ಮಾತಿಗೆ ಮಾತ್ರ ನಮ್ಮಿಬ್ಬರಿಗೂ ಒಟ್ಟಿಗೇ ಸಿಟ್ಟು ಬರುತ್ತಿತ್ತು.

ಮಾಡುವ ಕ್ರಮವೇನೋ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಎಣ್ಣೆಯಲ್ಲಿ ಅಡಿ ಕೆಂಪಾಗಬೇಕು, ನೀರು ಹಾಕಿ ಮುಚ್ಚಬೇಕು, ನೀರು ಆರಿದ ಮೇಲೆ ಅಡಿ ಮತ್ತೆ ಗರಿಗರಿಯಾಗಬೇಕು. ನಾನು ಮೊಬೈಲಿನಲ್ಲಿ ಐದು ನಿಮಿಷದ ಅಲಾರಂ ಇಟ್ಟುಕೊಳ್ಳುತ್ತಿದ್ದೆ. ನಿನಗೆ ಅದೊಂದು ತಮಾಷೆ. "ಮುಚ್ಚಳ ತೆಗೆಯಡ, ಕೇಳು. ನೀರಿದ್ದಷ್ಟು ಹೊತ್ತು ಕೊತಕೊತ ಹೇಳ್ತು. ಆರಿದ ಕೂಡ್ಲೆ ಚಟಚಟ ಹೇಳ್ತು" ಎಂದು ಕಲಿಸಿದವನು ನೀನೇ ಅಲ್ಲವಾ?

ಒಂದು ಮಧ್ಯಾಹ್ನ ಕಾವಲಿ ಚಟಚಟ ಎನ್ನತೊಡಗಿತು. ನೀನು ಪಕ್ಕದಲ್ಲೇ ಕೋಸು ಹೆಚ್ಚುತ್ತಿದ್ದೆ. ನಿನ್ನ ಬೆನ್ನ ಹಿಂದೆ ನಿಂತು, "ಮಾವ, ಸೀದು ಹೋಗ್ತಾ ಇದ್ದು" ಎಂದೆ. ನೀನು ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ ಹೇಳಿದೆ. ಇಲ್ಲ. ಸೀದ ವಾಸನೆ ಬಂದ ಮೇಲೆ ಓಡಿ ಬಂದು ನೀನು ಬರ್ನರಿಗೆ ಬೈದೆ. ಎಷ್ಟು ದಿನದಿಂದ ನಿನಗೆ ಕೇಳಿಸುತ್ತಿಲ್ಲ? ಕೇಳೋಣ ಎಂದುಕೊಂಡೆ, ಆದರೆ ನಿನ್ನ ಮುಖ ನೋಡಿ ಸೀದದ್ದನ್ನು ಕೆರೆಯತೊಡಗಿದೆ.

ಅಂದಿನಿಂದ ನಾನು ಒಲೆಯ ಎದುರಿಗೇ ನಿಲ್ಲತೊಡಗಿದೆ. ಶಬ್ದ ಬದಲಾದ ಕೂಡಲೇ, ಬಡಿಸು ಎಂಬಂತೆ, ಖಾಲಿ ಪ್ಲೇಟು ನಿನ್ನ ಮುಂದೆ ಇಡುವುದು. ಇವಳಿಗೆ ಭಾರಿ ಅವಸರ ಎಂದು ನೀನು ಗೊಣಗುವುದು. ದಿನವೂ ಹೆದರಿಕೆ ಮಾವ, ಇವತ್ತು ಯಾರಾದರೂ ಕಂಡುಹಿಡಿದರೆ ಎಂದು.

ಆಮೇಲೆ, ನಮ್ಮ ತಿಂಡಿಗೆಂದು ಕರೆಸಿದ್ದ ಆ ಮದುವೆಮನೆ. ದೊಡ್ಡ ಕಾವಲಿ, ಸುತ್ತ ಮೊಬೈಲ್ ಹಿಡಿದ ನೆಂಟರು. ಬೆಂದದ್ದು ಹೇಗೆ ಗೊತ್ತಾಗುತ್ತದೆ ಎಂದು ಯಾರೋ ನಿನ್ನ ಎದುರಿಗೆ ಬಂದು ಕೇಳಿದರು. "ಶಬ್ದದಲ್ಲಿ. ಇನ್ನೂ ನೀರಿದ್ದು, ಕೇಳಿ ಬೇಕಾದ್ರೆ" ಎಂದು ನೀನು ಹೆಮ್ಮೆಯಿಂದ ಕೈ ಎತ್ತಿದೆ. ಎಲ್ಲರೂ ಕಿವಿಗೊಟ್ಟರು. ಕಾವಲಿ ಆಗಲೇ ಚಟಚಟ ಎನ್ನುತ್ತಿತ್ತು. ಮದುವೆಯ ಅಡುಗೆಭಟ್ಟರು ಕಾವಲಿ ನೋಡಿದರು, ನಿನ್ನನ್ನು ನೋಡಿದರು. ಏನೋ ಹೇಳಲು ಅವರ ತುಟಿ ಅಲುಗಿತು. ನಾನು ಬಗ್ಗಿ ಗ್ಯಾಸ್ ಆರಿಸಿದೆ.

"ಸಾಕು ಮಾವ, ಜಪಾನಲ್ಲಿ ಇಷ್ಟೇ ಹೊತ್ತು!" ಎಂದು ಕೂಗಿದೆ, ಎಲ್ಲರಿಗೂ ಕೇಳುವ ಹಾಗೆ.

"ಯಂಗೇ ಕಲ್ಸಲೆ ಬಂದ್ಯ? ನಡಿ ಹೊರಗೆ!"

ನಡೆದೆ. ಶಿರಸಿ ಬಸ್ಸಿನಲ್ಲಿ ನಿಂತೇ ಬಂದೆ. ನಿನ್ನ ಸಿಟ್ಟು ನನ್ನ ಮೇಲೇ ಇರಲಿ, ಆ ಜನರೆದುರು ನೀನು ಸಣ್ಣವನಾಗುವುದು ಬೇಡ ಎಂದುಕೊಂಡೆ. ಸರಿ ಮಾಡಿದೆನಾ? ಇಪ್ಪತ್ತು ದಿನ ನಾವು ಮಾತಾಡಲಿಲ್ಲ. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಅತ್ತೆಯ ಫೋನು. ಹಿಟ್ಟು ನಾದುತ್ತಿದ್ದವನು ಎದೆ ಹಿಡಿದು ಕುಳಿತೆಯಂತೆ. ನಾನು ಬರುವಷ್ಟರಲ್ಲಿ...

ನಿನ್ನ ಕಾರ್ಯವೆಲ್ಲ ಮುಗಿದ ಮೇಲೆ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದಳು. "ಅವ್ಕೆ ಕೇಳ್ತಿತ್ತಿಲ್ಲೆ ಹೇಳಿ ಯಂಗೆ ಎರಡು ವರ್ಷದಿಂದ ಗೊತ್ತಿತ್ತು. ಮದುವೆಮನೆಯಿಂದ ಬಂದವ್ವು, ‘ಅವಳಿಗೆ ಗೊತ್ತಾತನೆ’ ಹೇಳಿ ಕೇಳಿದ್ದ. ‘ಇಲ್ಲೆ’ ಹೇಳಿ ಸುಳ್ಳು ಹೇಳ್ದೆ" ಎಂದಳು. ನಿನಗೂ ಅನುಮಾನ ಬಂದಿತ್ತಾ ಮಾವ? ಹಾಗಾದರೆ ಒಂದು ಫೋನು ಯಾಕೆ ಮಾಡಲಿಲ್ಲ? ನಾನಾದರೂ ಯಾಕೆ...

ನಿನಗೆ ಗೊತ್ತಿಲ್ಲದ ಒಂದು ಸುದ್ದಿ ಇದೆ. ಮೊನ್ನೆ ಅದೇ ಮದುವೆಮನೆಯವರಿಂದ ಗೃಹಪ್ರವೇಶಕ್ಕೆ ಕರೆ ಬಂತು. ಗ್ಯೋಜಾ ಮಾಡಿಕೊಡಲಾ ಎಂದೆ. ಮದುಮಗಳ ಅಜ್ಜಿ, "ಅದೆಲ್ಲ ಬ್ಯಾಡದೇ ಕೂಸೆ, ನಿನ್ನ ಮಾವನ ದಪ್ಪದ್ದೇ ಆಗವು" ಎಂದರು. ಒಪ್ಪಿಕೊಂಡಿದ್ದೇನೆ. ನಿನ್ನೆಯಿಂದ ಕಣಕ ಲಟ್ಟಿಸುತ್ತಿದ್ದೇನೆ. ಕೈ ಮಾತು ಕೇಳುತ್ತಿಲ್ಲ, ಮೂರು ಸಲವೂ ತೆಳುವಾಗಿ ಒಡೆಯಿತು. ಭಾನುವಾರಕ್ಕೆ ಎರಡೇ ದಿನ. ಅತ್ತೆ ಜೊತೆಗೆ ಬರುತ್ತಾಳೆ.

ಆವತ್ತು ಒಲೆ ಯಾಕೆ ಆರಿಸಿದೆ ಎಂದು ಅಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನನಗೆ ಕೆಲಸ ಗೊತ್ತಿರಲಿಲ್ಲ, ಅವಸರ ಮಾಡಿದೆ ಎನ್ನುತ್ತೇನೆ.

ನಿನ್ನ ಸೋದರಸೊಸೆ,
ಪೂರ್ಣಿಮಾ